ಗೋಡೆಯ ಸಂದಿಯ ಕೂದಲು

ಹಾನಗಲ್ ಸೀಮೆಯ ನಮ್ಮೂರಲ್ಲಿ ತಲೆ ಹಿಕ್ಕಿದ ಮೇಲೆ ಹಣಗಿಯಲ್ಲಿ ಉಳಿದ ಕೂದಲನ್ನು ಯಾರೂ ಎಸೆಯುವುದಿಲ್ಲ. ಬೆರಳಿಗೆ ಸುತ್ತಿ, ಉಂಡೆ ಮಾಡಿ, ಹಿತ್ತಲ ಗೋಡೆಯ ಸಂದಿಗೆ ಸಿಕ್ಕಿಸುತ್ತಾರೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಅಂತ ತಿರುಗುವ ಕೂದಲಿನವಳು ಬಂದು ಒಯ್ಯುತ್ತಾಳೆ. ಮೊದಲು ಪಿನ್ನು, ಟಿಕಳಿ ಕೊಡುತ್ತಿದ್ದಳು. ಈಗ ಸ್ಟೀಲ್ ಪಾತ್ರೆ, ಇಲ್ಲವೇ ರೊಕ್ಕ.

ಕಳೆದ ದೀಪಾವಳಿಗೆ ಬಂದವಳು ಅವ್ವನ ಉಂಡೆಯಿಂದ ಒಂದು ಎಳೆ ತೆಗೆದು ಎರಡೂ ಕೈಯಿಂದ ಮೆಲ್ಲಗೆ ಜಗ್ಗಿದಳು. ಹಿಗ್ಗಿತು. ನನ್ನ ಎಳೆ ಪಟ್ಟನೆ ಹರಿಯಿತು.

"ಇದರಾಗ ಜೀವಾ ಇಲ್ಲ ಯವ್ವಾ. ಏನ್ ಹಚ್ಚಿಸ್ಕೊಂಡಿ?"

ನಾರುಗಳ ಬಲದ ಮೇಲೆ ಪಿಎಚ್.ಡಿ. ಮಾಡುತ್ತಿರುವವಳು ನಾನು! ಸವಣೂರಿನಲ್ಲಿ ನಡೆದ ಅಕ್ಕನ ಮದುವೆಗೆಂದು ಕೂದಲು ನೆಟ್ಟಗೆ ಮಾಡಿಸಿಕೊಂಡಿದ್ದೆ.

ಅವಳು ಬೆರಳಲ್ಲಿ ಮಾಡಿದ್ದನ್ನೇ ನಾವು ಯಂತ್ರದಲ್ಲಿ ಮಾಡುತ್ತೇವೆ. ಗಟ್ಟಿ ಎಳೆಯೊಂದು ಸುಮಾರು 100 ಗ್ರಾಂ ತಡೆಯುತ್ತದೆ. ತಲೆಯಲ್ಲಿ ಲಕ್ಷ ಕೂದಲೆಂದರೆ ಹತ್ತು ಟನ್! ಇದು ಲೆಕ್ಕದಲ್ಲಿ ಮಾತ್ರ, ಅಷ್ಟರೊಳಗೆ ನೆತ್ತಿಯೇ ಕಿತ್ತು ಬಂದೀತು. ಕೂದಲಿನ ಕೆರಾಟಿನ್ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿರುತ್ತದೆ. 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ ಕೂದಲು, ಉಣ್ಣೆಗಳ ಮೇಲೆ ಎಕ್ಸ್-ರೇ ಹಾಯಿಸಿ, ಎಳೆದಾಗ ಒಳಗಿನ ರಚನೆಯೇ ಬದಲಾಗುವುದನ್ನು ತೋರಿಸಿದ. ಸುರುಳಿಗಳನ್ನು ಅಲ್ಲಲ್ಲಿ ಗಂಧಕದ ಬಂಧಗಳು ಹೊಲಿದಿರುತ್ತವೆ. ನೆಟ್ಟಗೆ ಮಾಡುವ ಕ್ರೀಮು ಆ ಹೊಲಿಗೆಯನ್ನೇ ಬಿಚ್ಚುತ್ತದೆ. ಮತ್ತೆ ಹಾಕುವಾಗ ಎಲ್ಲವೂ ಕೂಡುವುದಿಲ್ಲ. ಗೊತ್ತಿದ್ದೂ ಮಾಡಿಸಿಕೊಂಡಿದ್ದೆ.

ಉಂಡೆಯ ಕೂದಲಲ್ಲಿ ಬುಡ, ತುದಿ ಕಲೆತುಹೋಗಿರುತ್ತವೆ. ಕೂದಲಿನ ಮೈಮೇಲಿನ ಸಣ್ಣ ಹುರುಪೆಗಳೆಲ್ಲ ತುದಿಯ ಕಡೆಗೇ ಮುಖ ಮಾಡಿರುವುದರಿಂದ, ತಲೆಕೆಳಗಾದ ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಕೊಪ್ಪಳದ ಭಾಗ್ಯನಗರದಲ್ಲಿ ಹೆಂಗಸರು ದಿನವಿಡೀ ಕೂತು ಬಿಡಿಸುವುದು ಈ ಸಿಕ್ಕನ್ನೇ. ಕತ್ತರಿಸಿದ ಹೆರಳಿಗೆ ಆ ತೊಂದರೆಯಿಲ್ಲ, ಬೆಲೆಯೂ ಹೆಚ್ಚು.

"ನಿಮ್ಮವ್ವನ ಹೆರಳ ಒಯ್ದಿದ್ನೆಲ್ಲ, ಅದು ಕೂದ್ಲಾ ಅಂದ್ರ!" ಅಂದಳು ಅವಳು.

ಅವ್ವ ಒಳಗಿನಿಂದ, "ಸಾಕ್ ಬಿಡ, ತೂಕಾ ಮಾಡು" ಅಂದಳು.

ನಾನು ಎಂ.ಎಸ್ಸಿ. ಸೇರಿದ ವರ್ಷ ಅವ್ವ ಹೆರಳು ತೆಗೆಸಿದ್ದಳು. ಹರಕೆ ಇತ್ತು ಅಂದಿದ್ದಳು. ಹಾಸ್ಟೆಲ್ ಫೀ ಎಲ್ಲಿಂದ ಬಂತೆಂದು ನಾನೂ ಕೇಳಿರಲಿಲ್ಲ. ಎರಡು ಅಡಿ ಹೆರಳು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಅದು ಐದು ವರ್ಷದ ಕೂದಲು. ಅದರ ತುದಿ ನೆತ್ತಿಯಿಂದ ಹೊರಬಂದಾಗ ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದೆ.

"ಎಷ್ಟ್ ಕೊಟ್ಲು ಅವ್ವಾ?" ಅಂದೆ.

ಉತ್ತರ ಬರಲಿಲ್ಲ. ಎರೆದುಕೊಂಡು ಬಂದು ಹಣಗಿ ಹಿಡಿದು ಕೂತಿದ್ದೆ. ಹತ್ತಿಯ ನೂಲು ನೆನೆದರೆ ಬಲವಾಗುತ್ತದೆ, ಕೂದಲು ಬಲ ಕಳೆದುಕೊಳ್ಳುತ್ತದೆ: ನೀರು ಹೊಕ್ಕು ಒಳಗಿನ ಹೈಡ್ರೋಜನ್ ಬಂಧಗಳನ್ನು ಸಡಿಲಿಸುತ್ತದೆ. ನನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಇದಕ್ಕೊಂದು ನಕ್ಷೆಯೂ ಇದೆ.

ಅವ್ವ ಬಂದು ಕೈಯಿಂದ ಹಣಗಿ ಕಸಿದುಕೊಂಡಳು. "ಹಸಿ ತಲಿ ಹಿಕ್ಕಬ್ಯಾಡ ಅಂತ ಎಷ್ಟ್ ಸಲ ಹೇಳ್ಬೇಕ ನಿನಗ? ಬಿಸಲಿಗೆ ಕುಂದರ್ ಹೋಗು."