ಐದು ಊರು, ಒಂದು ಓಟು

ನಾನು ಕಲಬುರಗಿಯ ಮತದಾರ; ಯಾವ ಪಕ್ಷದವನೂ ಅಲ್ಲ. 2024ರ ಮೇ 7ರಂದು ಲೋಕಸಭೆಗೆ ಮತದಾನ. ಯಾರಿಗೆಂದು ನಿಶ್ಚಯಿಸುವ ಮೊದಲು ಮೊಮ್ಮಗಳೊಂದಿಗೆ ರೈಲು ಹತ್ತಿದೆ.

ಶಹಾಬಾದದಲ್ಲಿ ಪರಸಿ ಕಲ್ಲು ಸೀಳುವವರು ಕೂಲಿಯ ಮಾತಾಡಿದರು. ವಾಡಿ ಜಂಕ್ಷನ್ನಿನಲ್ಲಿ ಸಿಮೆಂಟಿನ ಧೂಳಿನದೇ ದೂರು. ಚಿತ್ತಾಪುರದಲ್ಲಿ ತೊಗರಿ ಬೆಲೆಯ ಚಿಂತೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ದಾಟಿ ಸೇಡಂ ಸೇರಿದರೆ ಅಲ್ಲಿ ಕುಡಿಯುವ ನೀರಿನ ಮಾತು. ಮೊಮ್ಮಗಳು ಎಲ್ಲವನ್ನೂ ಪಟ್ಟಿ ಮಾಡಿದಳು.

ಅಲ್ಲಿಂದ ಬಸ್ಸಿನಲ್ಲಿ ಚಿಂಚೋಳಿಯ ಬೀಗರ ಮನೆಗೆ. ಅದೂ ನಮ್ಮ ಜಿಲ್ಲೆಯೇ, ಮಕ್ಕಳೇ. ಆದರೆ ಅಲ್ಲಿಯವರ ಓಟು ಬೀದರ ಲೋಕಸಭಾ ಕ್ಷೇತ್ರಕ್ಕೆ!

“ನೀ ಯಾರಿಗಿ ಹಾಕ್ತಿ, ಮುತ್ಯಾ?”

“ಹೆಸರು ಗುಟ್ಟವ್ವಾ. ನಿನ್ನ ಪಟ್ಟಿಗಿ ಯಾರು ನೆಟ್ಟಗ ಉತ್ತರ ಕೊಡ್ತಾರೋ, ಅವರಿಗಿ.”