ನಮ್ಮ ಗಲ್ಲಿಯ ಕೇಬಲ್ ವೈರ್

ಕಳೆದ ಜೂನ್ ತಿಂಗಳ ಒಂದು ಸಂಜೆ ಅಬ್ಬಾ ಮಗ್ರಿಬ್ ನಮಾಜ್ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದರು. ಗಾಳಿಮಳೆಗೆ ಜೋತುಬಿದ್ದಿದ್ದ ಕೇಬಲ್ ವೈರ್ ಕತ್ತಲಲ್ಲಿ ಕಾಣಲಿಲ್ಲ. ಅದು ಹೆಗಲಿಗೆ ಸಿಕ್ಕಿಕೊಂಡು ಅವರು ಬಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಅಬ್ಬಾ ದರ್ಜಿ. ಅದು ಶಾಲೆ ಯೂನಿಫಾರಂ ಹೊಲಿಯುವ ಕಾಲ. ಹೊಲಿಯಲು ಬಂದಿದ್ದ ಬಟ್ಟೆಗಳನ್ನು ಅಮ್ಮಿ ಒಂದೊಂದಾಗಿ ವಾಪಸು ಕೊಟ್ಟರು.

ಮರುದಿನ ನಾನು ಕೇಬಲ್‌ನವರ ಬಳಿ ಹೋದೆ. "ಅದು ನಮ್ಮ ವೈರ್ ಅಲ್ಲ, ಹಳಬರದು" ಎಂದರು. ವಿದ್ಯುತ್ ಕಚೇರಿಯಲ್ಲಿ "ಕಂಬ ನಮ್ಮದು, ವೈರ್ ನಮ್ಮದಲ್ಲ" ಎಂದರು. ಪುರಸಭೆಯಲ್ಲಿ "ಕೇಬಲ್ ಟಿವಿ ಕೇಂದ್ರ ಸರ್ಕಾರದ್ದು, ನಮಗೆ ಸಂಬಂಧವಿಲ್ಲ" ಎಂದರು. ಮನೆಗೆ ಬಂದಾಗ ದಾದಿ ಕೇಳಿದರು: "ಹಾಗಾದರೆ ವೈರ್ ಯಾರದು ಬೇಟಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ನಮ್ಮ ಉಪನ್ಯಾಸಕರೊಬ್ಬರ ಸಹಾಯದಿಂದ ಕಾನೂನು ಓದಿದೆ. ಪುರಸಭೆಯವರ ಮಾತಿನಲ್ಲಿ ಅರ್ಧ ನಿಜವಿತ್ತು. ಕೇಬಲ್ ಟಿವಿಗೆ ಇರುವುದು 1995ರ ಕೇಂದ್ರ ಕಾಯ್ದೆ. ಆಪರೇಟರ್‌ಗಳು ಬಹಳ ವರ್ಷ ನೋಂದಣಿ ಮಾಡಿಸುತ್ತಿದ್ದದ್ದು ಮುಖ್ಯ ಅಂಚೆ ಕಚೇರಿಯಲ್ಲಿ. ಕಾಯ್ದೆ ಮೀರಿದವರ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಮತ್ತು ಪೊಲೀಸ್ ಕಮಿಷನರ್ ಅವರಿಗಿದೆ. ದರದ ನಿಯಮ ಟ್ರಾಯ್‌ನದು. 2019ರಲ್ಲಿ 100 ಚಾನೆಲ್‌ಗಳ ಮೂಲ ಶುಲ್ಕಕ್ಕೆ 130 ರೂಪಾಯಿ ಮಿತಿ ಬಂತು. ಶೇ. 18 ಜಿಎಸ್‌ಟಿ ಸೇರಿಸಿದರೆ 153 ರೂಪಾಯಿ 40 ಪೈಸೆ. ಈ ಲೆಕ್ಕದಲ್ಲಿ ಪುರಸಭೆಯ ಮಾತು ನಡೆಯುವುದಿಲ್ಲ. ನಾವು ಯಾವ ಚಾನೆಲ್ ನೋಡಬೇಕು ಎನ್ನುವುದರಲ್ಲೂ ಇಲ್ಲ.

ಆದರೆ ಬೀದಿ ಯಾರದು? 2011ರ ತಿದ್ದುಪಡಿಯಲ್ಲಿ ಅದೇ ಕಾಯ್ದೆಗೆ 4ಬಿ ಎಂಬ ಸೆಕ್ಷನ್ ಸೇರಿತು. ಸಾರ್ವಜನಿಕ ಜಾಗದಲ್ಲಿ ಕೇಬಲ್ ಎಳೆಯಲು, ಕಂಬ ನೆಡಲು ಆ ಜಾಗ ಯಾರ ವಶದಲ್ಲಿದೆಯೋ ಅವರ ಅನುಮತಿ ಬೇಕು. ಅವರು ನ್ಯಾಯವಾದ ಷರತ್ತುಗಳನ್ನೂ ಹಾಕಬಹುದು. ಸ್ಥಳೀಯ ಸಂಸ್ಥೆಗಳೂ ಇದರಲ್ಲಿ ಸೇರುತ್ತವೆ. ಇನ್ನು ಬೀದಿಯ ಅಡೆತಡೆ ತೆಗೆಸುವುದು ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ ಪ್ರಕಾರ ಪುರಸಭೆಯದೇ ಕರ್ತವ್ಯ. ಟಿವಿಯೊಳಗಿನದು ದೆಹಲಿಯದಾದರೂ ತಲೆಯ ಮೇಲೆ ಜೋತಾಡುವ ವೈರ್ ಊರಿನದೇ.

ಅರ್ಜಿ ಬರೆಯಲು ಕುಳಿತೆ. ನಮ್ಮ ಮನೆಮಾತು ಉರ್ದು. ಗಲ್ಲಿಯ ಹಿರಿಯರಲ್ಲಿ ಹೆಚ್ಚಿನವರಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಅದಕ್ಕೇ ಇಷ್ಟು ವರ್ಷ ದೂರು ಬಾಯಲ್ಲೇ ಉಳಿದಿತ್ತು. ನಾನು ಎರಡು ಪುಟ ಬರೆದು ಎಲ್ಲರಿಗೂ ಓದಿ ಹೇಳಿದೆ. ಇಪ್ಪತ್ಮೂರು ಮನೆಯವರು ಸಹಿ ಮಾಡಿದರು. ದಾದಿ ಹೆಬ್ಬೆಟ್ಟು ಒತ್ತಿದರು. ಅಬ್ಬಾ ಎಡಗೈಯಲ್ಲಿ ಸಹಿ ಹಾಕಿದರು. ಪುರಸಭೆಯಲ್ಲಿ ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಂಡೆ.

ಹದಿನೈದು ದಿನವಾದ ಮೇಲೆ ಏಣಿ ಹಿಡಿದು ಇಬ್ಬರು ಬಂದರು. ಬಳಕೆಯಲ್ಲಿಲ್ಲದ ವೈರ್‌ಗಳನ್ನು ಕತ್ತರಿಸಿ ಸುರುಳಿ ಸುತ್ತಿ ಒಯ್ದರು. ಉಳಿದವನ್ನು ಎತ್ತರಕ್ಕೆ ಬಿಗಿದು ಕಟ್ಟಿದರು. ಪಕ್ಕದ ಗಲ್ಲಿಯಲ್ಲಿ ಇನ್ನೂ ಹಾಗೆಯೇ ಜೋತಾಡುತ್ತಿವೆ, ಏಕೆಂದರೆ ಅಲ್ಲಿಂದ ಅರ್ಜಿ ಹೋಗಿಲ್ಲ.

ಅಬ್ಬಾ ಈಗ ಮತ್ತೆ ಹೊಲಿಯುತ್ತಿದ್ದಾರೆ, ಮೊದಲಿನಷ್ಟು ಬೇಗ ಅಲ್ಲ. ಗೆಳೆಯರೇ, ನಾಳೆ ಕಾಲೇಜಿಗೆ ಬರುವಾಗ ಒಮ್ಮೆ ತಲೆಯೆತ್ತಿ ನೋಡಿ. ನಿಮ್ಮ ಬೀದಿಯಲ್ಲೂ ಅಂಥ ವೈರ್ ಇದ್ದರೆ ಹೇಳಿ. ಅರ್ಜಿಯ ನಕಲು ನನ್ನ ಬ್ಯಾಗಿನಲ್ಲೇ ಇದೆ.

— ದ್ವಿತೀಯ ಪಿ.ಯು.ಸಿ., ವಾಣಿಜ್ಯ ವಿಭಾಗ