ವಿಮಾನಕ್ಕೆ ಯಾವ ಬಟ್ಟೆ?

ಸೀರೆ ಅಂಗಡಿಯಲ್ಲಿ ಅರ್ಧ ದಿನ ಕೂತು, ಒಂದೂ ಒಪ್ಪದೆ ಎದ್ದು ಬರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂದುಕೊಂಡಿದ್ದೆ. ಹೋದ ವರ್ಷ ನಮ್ಮಪ್ಪ ಮೀರಿಸಿಬಿಟ್ಟರು. 86 ವರ್ಷದ ಅವರು ಒಂದು ಬಟ್ಟೆ ಆರಿಸಲು ಹದಿನೈದು ದಿನ ತೆಗೆದುಕೊಂಡರು. ಬಟ್ಟೆ ಮನುಷ್ಯರಿಗಲ್ಲ, ವಿಮಾನಕ್ಕೆ!

ವಿಮಾನಕ್ಕೂ ಬಟ್ಟೆಯೇ ಎಂದು ನೀವು ನಗಬಹುದು. ಮಾರತ್ತಹಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಹೊಸದಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಆರಂಭಿಸಿದ ವಿಮಾನ ಕಾರ್ಖಾನೆ, ಅಂದರೆ ಈಗಿನ ಎಚ್.ಎ.ಎಲ್., ನಮಗೆ ನೆರೆಮನೆ ಇದ್ದ ಹಾಗೆ. ಅಲ್ಲಿ ಡಾ. ವಿ.ಎಂ. ಘಾಟಗೆಯವರ ಮುಂದಾಳತ್ವದಲ್ಲಿ ತಯಾರಾದ ‘ಪುಷ್ಪಕ್’ ಎಂಬ ಪುಟ್ಟ ವಿಮಾನ 1958ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಹಾರಿತು. ಇಬ್ಬರು ಪಕ್ಕಪಕ್ಕ ಕೂರುವಷ್ಟೇ ಜಾಗ. ಒಳಗೆ ಉಕ್ಕಿನ ಕೊಳವೆಗಳ ಹಂದರ, ಮೇಲೆ ಬಟ್ಟೆಯ ಹೊದಿಕೆ. ಸುಮಾರು 150 ಪುಷ್ಪಕ್‌ಗಳು ತಯಾರಾಗಿ, ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಜನಕ್ಕೆ ಹಾರುವುದನ್ನು ಕಲಿಸಿದವು.

ಆ ಬಟ್ಟೆ ಹೊದಿಸುವುದು ಅಪ್ಪನ ಕಸುಬು. ಹತ್ತಿಯ ಬಟ್ಟೆಯನ್ನು ರೆಕ್ಕೆಗೆ ಹೊದಿಸಿ, ಮೇಣ ಸವರಿದ ದಾರದಿಂದ ಒಳಗಿನ ಪಕ್ಕೆಲುಬಿನಂಥ ಪಟ್ಟಿಗಳಿಗೆ ಹೊಲಿಯುತ್ತಿದ್ದರು. ಗಂಟು ಹಾಕುವುದಕ್ಕೂ ಒಂದು ಕ್ರಮ. ಆಮೇಲೆ ‘ಡೋಪ್’ ಬಳಿಯಬೇಕು. ಈಗ ಆ ಮಾತಿಗೆ ನಮ್ಮ ಶಾಲೆಯ ಮಕ್ಕಳು ಬೇರೆಯೇ ಅರ್ಥ ಹೇಳಿಯಾರು! ಇದು ಸೆಲ್ಯುಲೋಸಿನಿಂದ ಮಾಡಿದ ಅರಗಿನಂಥ ದ್ರವ. ಒಣಗುತ್ತಾ ಬಟ್ಟೆಯನ್ನು ಎಳೆದು ಮೃದಂಗದ ಹಾಗೆ ಬಿಗಿ ಮಾಡುತ್ತದೆ. ಅಪ್ಪನ ಅಂಗಿಗೆ ಸದಾ ಉಗುರುಬಣ್ಣದ ವಾಸನೆ. ನನಗೆ ಅದೇ ಅಪ್ಪನ ವಾಸನೆ.

ಅಪ್ಪನ ಹಳೆಯ ಸ್ನೇಹಿತರ ಮೊಮ್ಮಗ ಹೋದ ಮಳೆಗಾಲದಲ್ಲಿ ಮನೆಗೆ ಬಂದ. ಹಳೆಯದೊಂದು ಪುಷ್ಪಕ್ ಕೊಂಡಿದ್ದನಂತೆ. “ತಾತ, ಬಟ್ಟೆಯೆಲ್ಲಾ ಕಿತ್ತಾಗಿದೆ. ಹೊಸದು ಯಾವುದು ಹಾಕಿಸಲಿ? ನೀವು ಹೇಳಿದ್ದೇ ಅಂತಿಮ” ಎಂದು ಮೂರು ಕೈಪಿಡಿಗಳನ್ನು ಮುಂದಿಟ್ಟ. ಅಪ್ಪ ಅವನ್ನು ಮುಟ್ಟಲೇ ಇಲ್ಲ. “ಹತ್ತಿ ಬಟ್ಟೆ, ಡೋಪ್. ಅದರಲ್ಲಿ ಕೇಳೋದೇನಿದೆ?” ಎಂದರು.

ಹುಡುಗ ಸಪ್ಪಗಾಗಿ ಹೊರಟುಹೋದ. ರಾತ್ರಿ ಊಟವಾದ ಮೇಲೆ ಅಪ್ಪ ಮೆಲ್ಲಗೆ, “ಆ ಪುಸ್ತಕದಲ್ಲಿ ಏನಿದೆ ಓದಮ್ಮ” ಎಂದರು. ಅವರ ಕಣ್ಣು ಮಂದವಾಗಿದೆ. ನಾನು ಓದಿದ್ದು ಬಿ.ಎ., ಬಿ.ಎಡ್. ವಿಮಾನದ ಗಂಧವಿಲ್ಲ. ಆದರೂ ದಿನಕ್ಕೆ ನಾಲ್ಕು ಪುಟ ಕನ್ನಡ ಮಾಡಿ ಓದತೊಡಗಿದೆ.

ಈಗ ಹೆಚ್ಚಾಗಿ ಹೊದಿಸುವುದು ಪಾಲಿಯೆಸ್ಟರ್. ನಮ್ಮ ಕಾಲದ ಟೆರಿಲಿನ್ ಸೀರೆಯ ಅಕ್ಕತಂಗಿ ಅನ್ನಿ. ಅದು ಬಿಗಿಯಾಗುವುದು ಡೋಪಿನಿಂದಲ್ಲ, ಇಸ್ತ್ರಿಪೆಟ್ಟಿಗೆಯಿಂದ! ಮೊದಲು ಸುಮಾರು 120 ಡಿಗ್ರಿ ಸೆಲ್ಸಿಯಸ್, ಕೊನೆಗೆ 175ರ ಆಸುಪಾಸು. ಪೆಟ್ಟಿಗೆಯ ಮುಳ್ಳನ್ನು ನಂಬದೆ ತಾಪಮಾಪಕ ಇಟ್ಟು ಅಳೆಯಬೇಕು. ಅಮ್ಮನ ಟೆರಿಲಿನ್ ಸೀರೆಗೆ ಕೆಂಡದ ಇಸ್ತ್ರಿ ಇಟ್ಟು ಅದು ಮುದುರಿಕೊಂಡು, ನಾನು ಬೈಸಿಕೊಂಡದ್ದು ನೆನಪಾಯಿತು. ಅಪ್ಪನಿಗೂ ನೆನಪಾಗಿ ನಕ್ಕರು. ಆ ನಗುವಿನಿಂದಲೇ ಅವರ ಹಟ ಸಡಿಲವಾಯಿತೆಂದು ನನ್ನ ಎಣಿಕೆ.

ಬಟ್ಟೆಯ ಮೇಲೆ ಬಳಿಯುವುದರಲ್ಲೂ ಮೂರು ದಾರಿಗಳಿದ್ದವು. ಹಳೆಯ ಡೋಪನ್ನು ಪಾಲಿಯೆಸ್ಟರಿಗೂ ಬಳಿಯಬಹುದು. ಆದರೆ ನೈಟ್ರೇಟ್ ಡೋಪ್ ಬೆಂಕಿಗೆ ಹತ್ತಿಯ ಬತ್ತಿ ಇದ್ದ ಹಾಗೆ. ಮಳೆಗಾಲದ ತೇವಕ್ಕೆ ಬಿಳಿಚಿಕೊಂಡು ಕೆಡುತ್ತದೆ. ಎರಡನೆಯದು ಪಾಲಿಯುರೆಥೇನ್. ಕನ್ನಡಿಯ ಹೊಳಪು. ಆದರೆ ಹರಿದಲ್ಲಿ ತೇಪೆ ಹಾಕುವುದು ಕಷ್ಟ. ಸಿಂಪಡಿಸುವಾಗ ಏಳುವ ಐಸೊಸೈನೇಟ್ ಶ್ವಾಸಕೋಶಕ್ಕೆ ವಿಷ. ಹೊರಗಿನಿಂದ ಗಾಳಿ ಬರುವ ಮುಖವಾಡ ಬೇಕೇ ಬೇಕು. ಮೂರನೆಯದು ವಿನೈಲ್. ಹೊಳಪು ಕಡಿಮೆ. ಬೆಂಕಿಯನ್ನು ಡೋಪಿನಂತೆ ಹಬ್ಬಿಸುವುದಿಲ್ಲ. ಹರಿದರೆ ದ್ರಾವಕದಿಂದ ಮೆದು ಮಾಡಿ ಸುಲಭವಾಗಿ ತೇಪೆ ಹಚ್ಚಬಹುದು.

ಮೂರರಲ್ಲೂ ಒಂದು ಮಾತು ಸಮಾನ. ಬಿಸಿಲು ಬಟ್ಟೆಯನ್ನು ತಿನ್ನದಂತೆ ನಡುವೆ ಬೆಳಕು ತಡೆಯುವ ಬಣ್ಣ ಇರಬೇಕು. ಒಳಗೆ ದೀಪ ಹಿಡಿದರೆ ಹೊರಗೆ ಬೆಳಕು ಕಾಣಬಾರದು. ಹಾಗೆಂದು ದಪ್ಪಗೆ ಮೆತ್ತಿದರೆ ಭಾರ ಹೆಚ್ಚುತ್ತದೆ. ಒಬ್ಬರ ಬಟ್ಟೆ, ಇನ್ನೊಬ್ಬರ ಅಂಟು, ಮತ್ತೊಬ್ಬರ ಬಣ್ಣ ಎಂದು ಬೆರೆಸಲೂ ಕೂಡದು. ಮೊದಲಿದ್ದ ಹೊದಿಕೆ ಬಿಟ್ಟು ಬೇರೆಯದಕ್ಕೆ ಹೋಗಲು ಡಿ.ಜಿ.ಸಿ.ಎ. ಒಪ್ಪಿಗೆಯೂ ಬೇಕು.

ಒಂದು ಸಂಜೆ ಬೇರೊಂದು ಪುಸ್ತಕದಲ್ಲಿ ಕಂಡದ್ದನ್ನು ಓದಿದೆ. ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ವಿಮಾನಕ್ಕೆ ಡೋಪ್ ಬಳಿಯುತ್ತಿದ್ದವರಲ್ಲಿ ಹೆಂಗಸರೇ ಬಹಳ. ಅದಕ್ಕೆ ಬೆರೆಸುತ್ತಿದ್ದ ಟೆಟ್ರಾಕ್ಲೋರೋಈಥೇನ್ ಎಂಬ ದ್ರಾವಕದಿಂದ ಅನೇಕರಿಗೆ ಕಾಮಾಲೆಯಾಗಿ, ಕೆಲವರು ಸತ್ತೂ ಹೋದರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಆ ಹುಡುಗನ ಶೆಡ್ಡಿಗೆ ಬಾಗಿಲೆಷ್ಟು? ಬಣ್ಣ ಬಳಿಯೋರು ಯಾರು? ಕೇಳು” ಎಂದರು.

ಫೋನು ಮಾಡಿದೆ. ಬಾಗಿಲು ಒಂದೇ. ಬಳಿಯುವವರು ಅವನೂ ಅವನ ಹೆಂಡತಿಯೂ.

ಮರುದಿನ ಅಪ್ಪ ಹೇಳಿದರು, ನಾನು ಬರೆದೆ. ಪಾಲಿಯೆಸ್ಟರ್ ಬಟ್ಟೆ, ಮೊದಲಿಂದ ಕೊನೆಯವರೆಗೆ ಒಂದೇ ಕಂಪನಿಯ ವಿನೈಲ್ ಪದ್ಧತಿ, ಮೊದಲು ಒಪ್ಪಿಗೆ, ಆಮೇಲೆ ಖರೀದಿ. ಗೋಡೆಗೆ ಇನ್ನೊಂದು ಬಾಗಿಲು ಒಡೆಸಿ, ಗಾಳಿ ಹೊರದೂಡುವ ಫ್ಯಾನು ಹಾಕಿಸಬೇಕು. ಇದೂ ವಾಸನೆಯದೇ, ಆದ್ದರಿಂದ ಇಬ್ಬರೂ ಮುಖವಾಡ ಕಟ್ಟಿಕೊಳ್ಳಬೇಕು.

“ಹತ್ತಿ ಬೇಡವೇ ಅಪ್ಪ?” ಎಂದೆ.

“ನನಗೆ ಬರೋದು ಅದು ಅಂತ ಹೇಳಿದ್ದೆ ಕಣಮ್ಮ. ಹಾರೋನು ಅವನಲ್ಲವೇ” ಎಂದರು.

ನಲವತ್ತು ವರ್ಷ ಕೈಯಲ್ಲಿದ್ದ ವಿದ್ಯೆಯನ್ನು ಒಂದು ಮಾತಿನಲ್ಲಿ ಪಕ್ಕಕ್ಕಿಟ್ಟುಬಿಟ್ಟರು. ನಾನೋ, ಪಠ್ಯಪುಸ್ತಕ ಬದಲಾದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ವಾರಗಟ್ಟಲೆ ಗೊಣಗಿದವಳು.

ಒಪ್ಪಿಗೆ ಬಂದು ಕೆಲಸ ಶುರುವಾದ ಮೇಲೆ, ಊರಾಚೆಯ ಆ ಶೆಡ್ಡಿಗೆ ಅಪ್ಪನನ್ನು ಕರೆದುಕೊಂಡು ಹೋದೆ. ರೆಕ್ಕೆಗೆ ಇಸ್ತ್ರಿ ಮುಗಿದಿತ್ತು, ಬಣ್ಣ ಇನ್ನೂ ಬಿದ್ದಿರಲಿಲ್ಲ. ಅಪ್ಪ ಬೆರಳಿನಿಂದ ತಟ್ಟಿದರು. ‘ಧಿಂ’ ಎಂದಿತು. ಮತ್ತೊಮ್ಮೆ ತಟ್ಟಿ, “ಡೋಪಿಲ್ಲದೇ ಬಿಗಿದುಕೊಂಡಿದೆ ನೋಡು!” ಎಂದು ಚಿಕ್ಕ ಮಗುವಿನ ಹಾಗೆ ನನ್ನತ್ತ ತಿರುಗಿದರು. ಆ ಹುಡುಗನ ಹೆಂಡತಿ ದಾರ, ಸೂಜಿ ತಂದುಕೊಟ್ಟಳು. ಹೊಲಿಗೆ ಮಾತ್ರ ಹಾಗೇ ಉಳಿದಿತ್ತು. ಗಂಟು ಹಾಕುವುದನ್ನು ಅಪ್ಪ ಅವಳಿಗೆ ಹೇಳಿಕೊಡುತ್ತಾ ಕೂತರು. ಕತ್ತಲಾಗುವವರೆಗೂ ನಾನು ಮನೆಗೆ ಹೋಗೋಣ ಎನ್ನಲಿಲ್ಲ.